ಮೇ ತಿಂಗಳಲ್ಲಿ ಮನೆ ನೋಡಬೇಡಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ, ಈಗ ಅಲ್ಲಿ ನಮ್ಮವರು ಯಾರೂ ಇಲ್ಲ. ಶಿವಮೊಗ್ಗದ ನವುಲೆ ಕಡೆ ನಾಲ್ಕು ಮನೆಯ ಒಂದು ಬಿಲ್ಡಿಂಗ್ 95 ಲಕ್ಷಕ್ಕೆ ಇದೆ. ಮನೆಗೆ 9 ಸಾವಿರದಂತೆ ತಿಂಗಳಿಗೆ 36 ಸಾವಿರ ಬಾಡಿಗೆ ಬರುತ್ತದೆ ಅಂತ ಬ್ರೋಕರ್ ಹೇಳುತ್ತಾರೆ. 60 ಲಕ್ಷ ಸಾಲ ಮಾಡಬೇಕು. ವಾಟ್ಸಾಪ್‌ನಲ್ಲಿ ಫೋಟೊ, ವಿಡಿಯೊ ಎಲ್ಲ ನೋಡಿದೆ, ಚೆನ್ನಾಗಿದೆ. ದೂರದಲ್ಲಿದ್ದುಕೊಂಡು ತಗೊಳ್ಳಬಹುದಾ?
– ಓದುಗರು, ಬೆಂಗಳೂರು

ಉತ್ತರ: ತಗೊಳ್ಳಬಹುದು. ಆದರೆ ಫೋಟೊ ನಂಬಿ ಅಲ್ಲ. ಅದು ಯಾವ ತಿಂಗಳಲ್ಲಿ ತೆಗೆದ ಫೋಟೊ ಅಂತ ಕೇಳಿದಿರಾ?

ನಾನು ಮೈಸೂರಿನಲ್ಲಿದ್ದಾಗ ಶಿವಮೊಗ್ಗದ ಗೋಪಾಳದಲ್ಲಿ ಮೂರು ಮನೆಯ ಹಳೇ ಕಟ್ಟಡ ತಗೊಂಡೆ, ಅದೂ ಮೇ ತಿಂಗಳಲ್ಲಿ. ಗೋಡೆಗೆಲ್ಲ ಹೊಸ ಬಣ್ಣ, ಫಳಫಳ. ಜುಲೈನಲ್ಲಿ ಒಂದು ರಾತ್ರಿ ಮೇಲಿನ ಮನೆಯವರ ಫೋನ್: "ಸಾರ್, ಸ್ವಿಚ್ ಬೋರ್ಡ್ ಒಳಗಿಂದ ನೀರು ಬರ್ತಾ ಇದೆ." ಮರುದಿನ ಬಸ್ ಹತ್ತಿ ಹೋಗಿ ನೋಡಿದರೆ ಪಡುವಣ ಗೋಡೆ ಪೂರ್ತಿ ಪಸೆ, ಬೀರುವಿನಲ್ಲಿದ್ದ ರೇಷ್ಮೆ ಸೀರೆಗೂ ಬೂಷ್ಟು, ಆ ಹೊಸ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತ್ತು. ತಾರಸಿಗೆ ಹತ್ತಿದೆ. ನೀರು ಇಳಿಯುವ ಪೈಪಿನ ಬಾಯಿಗೆ ಹಲಸಿನ ಎಲೆ ಕಟ್ಟಿಕೊಂಡು ಪಾದ ಮುಳುಗುವಷ್ಟು ನೀರು! ಎಲೆ ತೆಗೆಯೋದು ಐದು ನಿಮಿಷದ ಕೆಲಸ, ತೆಗೆಯೋರು ಇರಲಿಲ್ಲ ಅಷ್ಟೆ. ಆಮೇಲೆ ತಾರಸಿ ಮೇಲೆ ಶೀಟ್ ಹೊದಿಸೋಕೆ ಒಂದು ವರ್ಷದ ಬಾಡಿಗೆ ಹೋಯಿತು.

ಹಾಗಾಗಿ ಮಳೆ ಹಿಡಿದ ಮೇಲೆ ಒಂದು ಸಲ ಖುದ್ದಾಗಿ ಹೋಗಿ. ಬ್ರೋಕರ್ ಜೊತೆ ಬೇಡ, ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಅವರ ಒಂದು ದಿನದ ಕೂಲಿ ಕೊಟ್ಟರೆ ನಷ್ಟ ಏನಿಲ್ಲ. ಬಾಡಿಗೆಯವರ ಹತ್ತಿರ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕೂತು ಮಾತಾಡಿ. ಬಾವಿ ನೀರಾ, ಬೋರ್‌ವೆಲ್ಲಾ, ಬೇಸಿಗೆಯಲ್ಲಿ ಏನು ಕಥೆ ಅನ್ನೋದು ಅವರಿಗೇ ಗೊತ್ತು. ಮುಖ್ಯವಾಗಿ ಕೇಳಬೇಕಾದ್ದು, ಅವರು ಬಾಡಿಗೆಗೆ ಇದ್ದಾರಾ ಅಥವಾ ಭೋಗ್ಯಕ್ಕಾ (ತಿಂಗಳ ಬಾಡಿಗೆ ಬದಲು ಒಟ್ಟಿಗೇ ದೊಡ್ಡ ಮೊತ್ತ ಕೊಟ್ಟು, ಬಿಡುವಾಗ ವಾಪಸ್ ಪಡೆಯೋದು)? ನಾಲ್ಕರಲ್ಲಿ ಎರಡು ಮನೆ ಭೋಗ್ಯಕ್ಕೆ ಕೊಟ್ಟು ಹಳೇ ಮಾಲೀಕರು ದುಡ್ಡು ಖರ್ಚು ಮಾಡಿಕೊಂಡಿದ್ದರೆ, ಅವಧಿ ಮುಗಿದಾಗ ಭೋಗ್ಯದವರು ಆ ದುಡ್ಡಿಗೆ ಕೈಚಾಚುವುದು ನಿಮ್ಮ ಮುಂದೆ. ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆಸಿದರೂ ರಿಜಿಸ್ಟರ್ ಆಗದ ಭೋಗ್ಯದ ಪತ್ರ ಅದರಲ್ಲಿ ಕಾಣೋದಿಲ್ಲ. ಅಂಥದ್ದಿದ್ದರೆ ಆ ಮೊತ್ತವನ್ನು ರೇಟಿನಲ್ಲೇ ಮುರಿದುಕೊಳ್ಳಿ.

ಇ-ಖಾತಾ (ಆಸ್ತಿಯ ಆನ್‌ಲೈನ್ ಖಾತೆ ದಾಖಲೆ) ಇಲ್ಲದೆ ಈಗ ರಿಜಿಸ್ಟ್ರೇಷನ್ ಆಗೋದಿಲ್ಲ, ಅದು ಕೈಗೆ ಬರುವ ಮುಂಚೆ ಅಡ್ವಾನ್ಸ್ ಕೊಡಬೇಡಿ. ನಾಲ್ಕೂ ಮನೆಗೆ ಬೇರೆ ಬೇರೆ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಇದೆಯಾ ನೋಡಿ. ಒಂದೇ ಮೀಟರ್ ಆದರೆ ಬಾಡಿಗೆಯವರಿಗೆ ಗೃಹಜ್ಯೋತಿಯ ಉಚಿತ ಕರೆಂಟ್ ಸರಿಯಾಗಿ ಸಿಗೋದಿಲ್ಲ, ಮನೆ ನೋಡೋಕೆ ಬಂದವರು ಮೊದಲು ಕೇಳೋದೇ ಅದನ್ನು.

ಇನ್ನು ಲೆಕ್ಕ. 60 ಲಕ್ಷಕ್ಕೆ 20 ವರ್ಷ, ಎಂಟೂವರೆ ಪರ್ಸೆಂಟ್ ಬಡ್ಡಿ ಅಂದರೆ ಕಂತು 52 ಸಾವಿರ. ಬಾಡಿಗೆ 36. ಪ್ರತಿ ತಿಂಗಳೂ 16 ಸಾವಿರ ಸಂಬಳದಿಂದ ಹಾಕಬೇಕು, ನಾಲ್ಕೂ ಮನೆ ತುಂಬಿದ್ದಾಗಲೂ! ಮುದ್ರಾಂಕ, ಸೆಸ್, 2025ರ ಆಗಸ್ಟ್ ಕೊನೆಗೆ ಒಂದರಿಂದ ಎರಡು ಪರ್ಸೆಂಟ್ ಆದ ನೋಂದಣಿ ಶುಲ್ಕ ಸೇರಿ ಇನ್ನೂ 7 ಲಕ್ಷದ ಮೇಲೆ. ನವುಲೆಯಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರೂ ಬಾಡಿಗೆಗೆ ಬರುತ್ತಾರೆ, ಕೋರ್ಸ್ ಮುಗಿದರೆ ಒಟ್ಟಿಗೇ ಖಾಲಿ. ಒಂದು ಮನೆ ಎರಡು ತಿಂಗಳು ಖಾಲಿ, ರಿಪೇರಿ, ಕಂದಾಯ, ನೋಡಿಕೊಳ್ಳೋರ ಸಂಬಳ ಎಲ್ಲ ಕಳೆದರೆ ವರ್ಷಕ್ಕೆ 3 ಲಕ್ಷ ಚಿಲ್ಲರೆ ಉಳಿಯಬಹುದು. ಹಾಕಿದ ದುಡ್ಡಿಗೆ ನೂರಕ್ಕೆ ಮೂರು ರೂಪಾಯಿ. ಎಫ್‌ಡಿಯಲ್ಲೇ ಇದಕ್ಕಿಂತ ಜಾಸ್ತಿ ಬರುತ್ತದೆ ಅಲ್ವಾ? ಸೋಗಾನೆ ವಿಮಾನ ನಿಲ್ದಾಣ ಬಂತು, ರೇಟು ಏರುತ್ತದೆ ಅಂತ 2023ರಿಂದ ಬ್ರೋಕರ್‌ಗಳು ಹೇಳುತ್ತಲೇ ಇದ್ದಾರೆ. ಏರಬಹುದು, ಆದರೆ ಬ್ಯಾಂಕಿನವರು ಕಂತು ಕೇಳೋದು ಈ ತಿಂಗಳು. ನಾನಾದರೆ 95ಕ್ಕೆ ಬೇಡ ಅನ್ನುತ್ತೇನೆ. ಸಾಲ 35 ಲಕ್ಷದೊಳಗೆ ಮುಗಿಯುವ ಎರಡು ಮನೆಯ ಕಟ್ಟಡ ಹುಡುಕಿ.

ಯಾವುದೇ ತಗೊಳ್ಳಿ, ನೋಡಿಕೊಳ್ಳೋಕೆ ಅಲ್ಲೇ ಒಬ್ಬರು ಬೇಕು. ನೆಂಟರಿಗೆ ಪುಕ್ಕಟೆ ವಹಿಸಬೇಡಿ. "ಟ್ಯಾಂಕ್ ತೊಳೆಸಿದ್ರಾ ಮಾವ" ಅಂತ ಮೂರನೇ ಸಲ ಕೇಳೋಕೆ ನಿಮಗೇ ಮುಜುಗರ. ಅದೇ ಬೀದಿಯವರೊಬ್ಬರಿಗೆ ತಿಂಗಳಿಗೆ ಇಷ್ಟು ಅಂತ ಗೊತ್ತುಮಾಡಿ.

ಪ್ರಶ್ನೆ: ಮಗ ದುಬೈನಲ್ಲಿದ್ದಾನೆ. ಅವನ ಹೆಸರಿನ ಮನೆಯ ಬಾಡಿಗೆಯನ್ನು ನನ್ನ ಅಕೌಂಟಿಗೆ ಹಾಕಿಸಿಕೊಂಡರೆ ತೊಂದರೆಯೇ?
– ಓದುಗರು, ಸಾಗರ

ಉತ್ತರ: ಅಮ್ಮಾ, ದುಡ್ಡು ಯಾರ ಅಕೌಂಟಿಗೆ ಬಂದರೂ ಆದಾಯ ನಿಮ್ಮ ಮಗನದೇ. ಅವರು ಎನ್‌ಆರ್‌ಐ ಆದ್ದರಿಂದ ಬಾಡಿಗೆಯವರು 31.2 ಪರ್ಸೆಂಟ್ ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಉಳಿದದ್ದನ್ನು ಕೊಡಬೇಕು. ಇದು ಬಾಡಿಗೆಯವರಿಗೂ ಗೊತ್ತಿರೋದಿಲ್ಲ, ನೀವೇ ಹೇಳಬೇಕಾಗುತ್ತದೆ. ಮಗನ ಎನ್‌ಆರ್‌ಒ ಖಾತೆಗೇ (ಎನ್‌ಆರ್‌ಐಗಳ ಭಾರತದ ಆದಾಯಕ್ಕಿರುವ ಬ್ಯಾಂಕ್ ಖಾತೆ) ಹಾಕಿಸಿ. ಅವರು ರಿಟರ್ನ್ ಹಾಕಿದರೆ ಜಾಸ್ತಿ ಕಟ್ ಆಗಿದ್ದು ವಾಪಸ್ ಬರುತ್ತದೆ. ಹನ್ನೊಂದು ತಿಂಗಳ ಕರಾರಿಗೆ ನೀವು ಸಹಿ ಹಾಕುವುದಾದರೆ ಮಗನಿಂದ ಪವರ್ ಆಫ್ ಅಟಾರ್ನಿ ಬೇಕು. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಮಾಡಿಸಿ ಕಳಿಸಲಿ, ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿಬಿಡಿ.