ಸಂಪಾದಕರ ಉತ್ತರ: ಒಕ್ಕೂಟ ಕಟ್ಟುವ ಮುಂಚೆ ನಮ್ಮ ಹಿತ್ತಲು ನೋಡೋಣ

ಓದುಗರ ಪತ್ರ: ನಮ್ಮ ಜಯನಗರದ ಸುತ್ತಮುತ್ತ ಒಂದು ಮಠದ ಶಾಖೆ, ಎರಡು ಭಜನಾ ಮಂಡಳಿ, ಧ್ಯಾನ ಕೇಂದ್ರ, ಬಸವ ಬಳಗ, ಚರ್ಚ್, ಮಸೀದಿ ಎಲ್ಲವೂ ಇವೆ. ಅನ್ನದಾನ, ರಕ್ತದಾನ ಅಂತ ಎಲ್ಲರೂ ತಮ್ಮ ಪಾಡಿಗೆ ಒಳ್ಳೆ ಕೆಲಸ ಮಾಡುತ್ತಾರೆ. ಇವರನ್ನೆಲ್ಲ ಸೇರಿಸಿ ಒಕ್ಕೂಟ ಕಟ್ಟಿದರೆ ಸಮಾಜದಲ್ಲಿ ದೊಡ್ಡ ಬದಲಾವಣೆ ತರಬಹುದು ಅನ್ನಿಸಿ, ನಾವು ಕೆಲವರು ಒಂದು ಸಭೆ ಕರೆದೆವು. ಎಲ್ಲರೂ ಬಂದರು. ಚೆನ್ನಾಗಿ ಮಾತಾಡಿದರು. ಶಾಲು ಹೊದಿಸಿದೆವು, ಫೋಟೊ ಆಯಿತು. ಆಮೇಲೆ ಒಬ್ಬರೂ ಫೋನ್ ಮಾಡಲಿಲ್ಲ. ಎಲ್ಲಿ ತಪ್ಪಿತು? ಮುಂದಿನ ಸಭೆಗೆ ಶಾಸಕರನ್ನು ಕರೆದರೆ ತೂಕ ಬರುತ್ತದೆಯೇ?
— ಜಯನಗರದ ಓದುಗರು

ಪ್ರೀತಿಯ ಓದುಗರೇ,

ನಿಮ್ಮ ಸಭೆಗೆ ಬಂದವರ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಮನೆಗೆ ಹೋದ ಮೇಲೆ ಮಾಡಲು ಅವರಿಗೆ ಕೆಲಸ ಇರಲಿಲ್ಲ, ಅಷ್ಟೇ. ‘ಸಾಮಾಜಿಕ ಪರಿವರ್ತನೆ ಆಗಬೇಕು’ ಅಂದರೆ ಯಾರು ತಾನೇ ಬೇಡ ಅನ್ನುತ್ತಾರೆ? ಎಲ್ಲರೂ ಒಪ್ಪುವ ಮಾತನ್ನು ಇಟ್ಟುಕೊಂಡು ಒಕ್ಕೂಟ ಕಟ್ಟಲು ಆಗುವುದಿಲ್ಲ. ಒಪ್ಪಿದ್ದಕ್ಕೆ ಪ್ರತಿಯೊಬ್ಬರೂ ಸ್ವಲ್ಪವಾದರೂ ಬೆಲೆ ತೆರಬೇಕಾದ ಒಂದು ಕೆಲಸ ಬೇಕು. ನಿಮ್ಮ ಸಭೆಯಲ್ಲಿ ಇರದಿದ್ದದ್ದು ಅದು.

ಸರ್ವಧರ್ಮ ವೇದಿಕೆಗಳಿಗೆ ನಮ್ಮ ಬೆಂಗಳೂರಿನಲ್ಲಿ ಬರ ಇಲ್ಲ. 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ನೂರು ವರ್ಷ ತುಂಬಿದ 1993ರ ಆಗಸ್ಟ್‌ನಲ್ಲಿ, ಬೇರೆ ಬೇರೆ ದೇಶಗಳ ಅಂತರಧರ್ಮೀಯ ಸಂಸ್ಥೆಗಳೆಲ್ಲ ಸೇರಿ ‘ಸರ್ವ ಧರ್ಮ ಸಮ್ಮೇಳನ’ ನಡೆಸಿದ್ದು ಇದೇ ಊರಿನಲ್ಲಿ. ಅಂಥ ಸಭೆಗಳು ವ್ಯರ್ಥ ಅಂತ ನಾನು ಹೇಳುವುದಿಲ್ಲ. ಪಕ್ಕದ ಬೀದಿಯ ಮೌಲ್ವಿಯ ಮುಖವನ್ನೇ ನೋಡದ ಅರ್ಚಕರು ಒಂದು ದಿನ ಅವರ ಪಕ್ಕ ಕೂತು ಊಟ ಮಾಡಿದರೆ ಅದೇನು ಸಣ್ಣ ವಿಷಯವಲ್ಲ.

ಹಾಗೆ ನೋಡಿದರೆ ಸೌಹಾರ್ದಕ್ಕೆ ಸಭೆಯೇ ಬೇಕಿಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ, ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಯಾವ ಒಕ್ಕೂಟವೂ ಠರಾವು ಮಾಡಿ ಆದದ್ದಲ್ಲ ಅದು. ನನಗೆ ಈ ಊರಿನ ಬಗ್ಗೆ ಹೆಮ್ಮೆ ಅನ್ನಿಸುವ ಸಂಗತಿಗಳಲ್ಲಿ ಇದೂ ಒಂದು. ಆದರೆ ಸೌಹಾರ್ದ ಬೇರೆ, ನೀವು ಕೇಳುತ್ತಿರುವ ಬದಲಾವಣೆ ಬೇರೆ. ಒಬ್ಬರ ಜೊತೆ ಇನ್ನೊಬ್ಬರು ಚೆನ್ನಾಗಿದ್ದುಕೊಂಡೇ ಇಬ್ಬರೂ ಸೇರಿ ಮೂರನೆಯವನ ಕಷ್ಟವನ್ನು ನೋಡದೆ ಇರಬಹುದು, ಅಲ್ವಾ?

ಧಾರ್ಮಿಕ ಸಂಸ್ಥೆಗಳು ಒಟ್ಟಾಗಿ ಸಮಾಜವನ್ನು ನಿಜವಾಗಿ ಕದಲಿಸಿದ ಒಂದು ಉದಾಹರಣೆ ಹೇಳುತ್ತೇನೆ. 1955ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾಂಟ್‌ಗೊಮರಿ ಊರಿನ ಕಪ್ಪು ಜನ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಬೇಕಾದ ಪದ್ಧತಿಯನ್ನು ವಿರೋಧಿಸಿ, ಸಿಟಿ ಬಸ್ ಹತ್ತುವುದನ್ನು ನಿಲ್ಲಿಸಿದರು. 381 ದಿನ ಹತ್ತಲಿಲ್ಲ. ಅದರ ಬೆನ್ನೆಲುಬು ಬೇರೆ ಬೇರೆ ಪಂಗಡದ ಚರ್ಚುಗಳು. ಅವರು ಶುರು ಮಾಡಿದ್ದು ‘ಸಮಾನತೆ ಬೇಕು’ ಎಂಬ ಘೋಷಣೆಯಿಂದಲ್ಲ, ಬಸ್ಸಿನ ಸೀಟಿನಿಂದ. ಮೊದಲ ಬೇಡಿಕೆಗಳಂತೂ ತೀರಾ ಮೆದು: ಚಾಲಕರು ಮರ್ಯಾದೆಯಿಂದ ನಡೆದುಕೊಳ್ಳಬೇಕು, ಮೊದಲು ಬಂದವರಿಗೆ ಮೊದಲು ಸೀಟು, ಇಂಥವು. ಜನ ಕೆಲಸಕ್ಕೆ ಹೋಗಬೇಕಲ್ಲ, ಅದಕ್ಕೆ ಚರ್ಚುಗಳೇ ಗಾಡಿ ಓಡಿಸಿದವು. ಸಭೆಗಳು ಒಂದೇ ಚರ್ಚಿನಲ್ಲಿ ನಡೆಯಲಿಲ್ಲ, ಒಂದರಿಂದ ಇನ್ನೊಂದಕ್ಕೆ ಸುತ್ತುತ್ತಿದ್ದವು. ಹಾಗಾಗಿ ಇದು ‘ಅವರ’ ಹೋರಾಟ ಅಂತ ಯಾರೂ ದೂರ ನಿಲ್ಲಲಿಲ್ಲ. ಮುಂದಾಳಾಗಿ ಆರಿಸಿದ್ದು 26 ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು. ಊರಿಗೆ ಹೊಸಬರು, ಯಾವ ಬಣಕ್ಕೂ ಸೇರಿದವರಲ್ಲ ಎಂಬುದೂ ಅದಕ್ಕೊಂದು ಕಾರಣ. ನಿಮ್ಮ ಒಕ್ಕೂಟದ ಸಂಚಾಲಕರನ್ನು ಆರಿಸುವಾಗ ಇದು ನೆನಪಿರಲಿ. ಅತಿ ದೊಡ್ಡ ಸಂಸ್ಥೆಯ ಮುಖ್ಯಸ್ಥರನ್ನೇ ಕೂರಿಸಿದರೆ ಉಳಿದವರು ಅತಿಥಿಗಳಾಗಿಬಿಡುತ್ತಾರೆ.

ಹಾಗಾದರೆ ಜಯನಗರದಲ್ಲಿ ಯಾವ ಕೆಲಸ ಹಿಡಿಯಬೇಕು? ನನ್ನ ಸಲಹೆ ಸ್ವಲ್ಪ ಮುಜುಗರ ತರಬಹುದು. ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಸಂಸ್ಥೆಯ ಹಿಂಭಾಗಕ್ಕೆ ಹೋಗಿ ಶೌಚಾಲಯದ ಪಿಟ್ ಮತ್ತು ಮ್ಯಾನ್‌ಹೋಲ್ ಎಲ್ಲಿವೆ ನೋಡಿ. ಅದು ಕಟ್ಟಿಕೊಂಡಾಗ ಯಾರನ್ನು ಕರೆಯುತ್ತಾರೆ ಅಂತ ಕೇಳಿ.

ಉತ್ಸವ, ಆರಾಧನೆ, ಜಾತ್ರೆ, ಉರುಸು ಯಾವುದೇ ಇರಲಿ, ಸಾವಿರಾರು ಜನ ಬರುತ್ತಾರೆ. ಅನ್ನದಾನದಲ್ಲಿ ನಮ್ಮವರದು ಎತ್ತಿದ ಕೈ. ಸಿದ್ಧಗಂಗೆಯ ದಾಸೋಹ ನೋಡಿ ಬೆಳೆದ ನಾಡು ಇದು. ಹಲಸೂರು ಕೆರೆ ಪಕ್ಕದ ಗುರುದ್ವಾರದ ಲಂಗರ್‌ನಲ್ಲಿ ಜಾತಿ ಕೇಳದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುತ್ತಾರೆ. ಆದರೆ ಊಟದ ಮಾರನೇ ದಿನ ಏನಾಗುತ್ತದೆ? ಮೂರು ದಿನದ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಶೌಚಾಲಯ ಉಕ್ಕುತ್ತದೆ. ಮ್ಯಾನೇಜರ್ ‘ಯಾರನ್ನಾದ್ರೂ ಕರೀರಪ್ಪಾ, ಬೇಗ’ ಅನ್ನುತ್ತಾರೆ. ಡೈರಿಯಲ್ಲಿ ಒಂದು ನಂಬರ್ ಇರುತ್ತದೆ. ಇಬ್ಬರು ಬರುತ್ತಾರೆ. ಕೈಯಲ್ಲಿ ಹಗ್ಗ, ಬಕೆಟ್, ಉದ್ದದ ಬಿದಿರು ಗಳ. ಗಳದಿಂದ ಆಗದಿದ್ದರೆ ಒಬ್ಬ ಅಂಗಿ ಬಿಚ್ಚಿ ಇಳಿಯುತ್ತಾನೆ. ನಾಲ್ಕು ಜನ ನೋಡದ ಹಾಗೆ ಹಿಂದಿನ ಗೇಟಿನಲ್ಲೇ ದುಡ್ಡು ಕೊಟ್ಟು ಕಳಿಸುವುದು ರೂಢಿ.

ಆ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಇರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಜಾಸ್ತಿ ಇದ್ದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಇಳಿದವನಿಗೆ ‘ಏನೂ ಇಲ್ಲ’ ಅನ್ನಿಸುತ್ತಿರುವಾಗಲೇ ಪ್ರಜ್ಞೆ ತಪ್ಪುತ್ತದೆ. ಮೇಲೆ ನಿಂತವನು ಅವನನ್ನು ಎತ್ತಲು ಹೋಗಿ ತಾನೂ ಬೀಳುತ್ತಾನೆ. ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗ ಇಬ್ಬರು, ಮೂವರು ಅಂತ ಒಟ್ಟಿಗೆ ಓದುತ್ತೇವಲ್ಲ, ಅದು ಇದಕ್ಕೇ.

ಕಾನೂನು ಇಲ್ಲ ಅಂತಲ್ಲ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ, ರಕ್ಷಣಾ ಸಾಧನ ಇಲ್ಲದೆ ಯಾರನ್ನೂ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಬಾರದು ಅನ್ನುತ್ತದೆ. ಇಳಿಸಿದರೆ ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ಪಾಲಿಕೆಗೆ ಮಾತ್ರ ಅಲ್ಲ. ಮಠ, ಟ್ರಸ್ಟ್, ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟ್ ಸಂಘ, ಯಾರು ಇಳಿಸಿದರೂ ಅನ್ವಯ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಕೈಯಿಂದ ಒಳಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸಬೇಕೆಂದು ಆದೇಶಿಸಿತು. ಈ ವಿಷಯವನ್ನು ದೇಶದ ಮುಂದಿಟ್ಟವರಲ್ಲಿ ಮುಂಚೂಣಿಯಲ್ಲಿರುವ ಬೆಜವಾಡ ವಿಲ್ಸನ್ ದೂರದವರೇನಲ್ಲ, ನಮ್ಮ ಕೆಜಿಎಫ್‌ನವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

‘ಇದರಲ್ಲಿ ಅಧ್ಯಾತ್ಮ ಎಲ್ಲಿದೆ, ಇದು ಜಲಮಂಡಳಿಯ ಕೆಲಸ’ ಅಂತ ನಿಮ್ಮ ಸಭೆಯಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಅವರನ್ನು ಗದರಿಸಬೇಡಿ. ಗುಂಡಿಗೆ ಇಳಿಯುವವನು ಹೆಚ್ಚಿನ ಪಾಲು ಯಾವ ಜಾತಿಯವನು ಅಂತ ಮಾತ್ರ ಕೇಳಿ. ಎಲ್ಲರಲ್ಲೂ ದೇವರಿದ್ದಾನೆ ಅಂತ ಬೆಳಿಗ್ಗೆ ಪ್ರವಚನ ಮಾಡಿ, ಮಧ್ಯಾಹ್ನ ಅದೇ ಆವರಣದಲ್ಲಿ ಒಬ್ಬನನ್ನು ಮಲದೊಳಗೆ ಇಳಿಸುವುದಕ್ಕೆ ಯಾವ ಧರ್ಮದಲ್ಲೂ ಸಮಾಧಾನ ಸಿಗುವುದಿಲ್ಲ.

ಈ ಕೆಲಸ ನನಗೆ ಸರಿ ಅನ್ನಿಸಲು ಇನ್ನೂ ಒಂದು ಕಾರಣ ಇದೆ. ಇಲ್ಲಿ ಯಾರೂ ಇನ್ನೊಬ್ಬರನ್ನು ತಿದ್ದಲು ಹೊರಡುವುದಿಲ್ಲ. ಒಕ್ಕೂಟಗಳು ಒಡೆಯುವುದು ಸಾಮಾನ್ಯವಾಗಿ ಅಲ್ಲೇ. ಒಬ್ಬರು ಮದ್ಯಪಾನದ ವಿರುದ್ಧ ಅನ್ನುತ್ತಾರೆ, ಇನ್ನೊಬ್ಬರು ಮಾಂಸಾಹಾರದ ವಿರುದ್ಧ ಅನ್ನುತ್ತಾರೆ, ಮೂರನೆಯವರಿಗೆ ಇದು ತಮ್ಮ ಮೇಲೇ ಬಂತು ಅನ್ನಿಸುತ್ತದೆ. ಇಲ್ಲಿ ಹಾಗಲ್ಲ. ನಮ್ಮ ಕಾಂಪೌಂಡ್ ಒಳಗೆ ಯಾರೂ ಗುಂಡಿಗೆ ಇಳಿಯುವುದಿಲ್ಲ ಅಂತ ಪ್ರತಿ ಸಂಸ್ಥೆಯೂ ತನಗೆ ತಾನೇ ಮಾತು ಕೊಟ್ಟುಕೊಳ್ಳಬೇಕು. ನಂಬಿಕೆ, ಆಚರಣೆ, ದೇವರು ಯಾವುದರ ಚರ್ಚೆಯೂ ಬೇಡ.

ಹಾಗಂತ ಸುಲಭ ಅಲ್ಲ. ಸಕ್ಕಿಂಗ್ ಲಾರಿ ತರಿಸಿದರೆ ಖರ್ಚು ಜಾಸ್ತಿ. ಕೆಲವು ಹಳೆ ಕಟ್ಟಡಗಳಲ್ಲಿ ಪಿಟ್ ಎಷ್ಟು ಇಕ್ಕಟ್ಟಾದ ಕಡೆ ಇರುತ್ತದೆ ಅಂದರೆ ಲಾರಿಯ ಪೈಪ್ ಮುಟ್ಟುವುದೇ ಇಲ್ಲ. ಗೋಡೆ ಒಡೆಯಬೇಕಾಗಬಹುದು. ಸಣ್ಣ ಭಜನಾ ಮಂಡಳಿಗೆ ಆ ದುಡ್ಡು ಇರುವುದಿಲ್ಲ. ಒಕ್ಕೂಟಕ್ಕೆ ನಿಜವಾದ ಕೆಲಸ ಸಿಗುವುದು ಇಂಥ ಕಡೆ. ಸುಸ್ಥಿತಿಯಲ್ಲಿರುವ ಮಠದವರು ಮಸೀದಿಯ ಪಿಟ್ ಸರಿ ಮಾಡಿಸಲು ಕೈಜೋಡಿಸಿದರೆ, ಚರ್ಚಿನಲ್ಲಿರುವ ಸಿವಿಲ್ ಎಂಜಿನಿಯರ್ ಒಬ್ಬರು ಗುಡಿಯ ಹಿತ್ತಲಿಗೆ ಬಂದು ಅಳತೆ ತೆಗೆದುಕೊಂಡರೆ, ಆ ಮೇಲೆ ಫೋನ್ ಮಾಡಿ ಅಂತ ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ದುಡ್ಡಿನ ವಿಷಯದಲ್ಲಿ ಲಂಡನ್ನಿನವರ ಒಂದು ಪದ್ಧತಿ ನಮಗೂ ಒಗ್ಗುತ್ತದೆ. 1996ರಲ್ಲಿ ಪೂರ್ವ ಲಂಡನ್ನಿನ ಚರ್ಚು, ಮಸೀದಿ, ಶಾಲೆಗಳು ಸೇರಿ ‘ಟೆಲ್ಕೊ’ ಎಂಬ ಒಕ್ಕೂಟ ಕಟ್ಟಿಕೊಂಡವು. ಒಕ್ಕೂಟದ ಖರ್ಚಿಗೆ ಸದಸ್ಯ ಸಂಸ್ಥೆಗಳೇ ವರ್ಷಕ್ಕಿಷ್ಟು ಅಂತ ಚಂದಾ ಕೊಡುತ್ತವೆ. ಆದ್ದರಿಂದ ಒಬ್ಬ ದಾನಿಯ ಮಾತೇ ನಡೆಯಬೇಕು ಅಂತಿಲ್ಲ. ಬದುಕಲು ಸಾಕಾಗುವಷ್ಟು ಕೂಲಿ ಕೊಡಿ ಎಂಬ ಅವರ ಚಳವಳಿ ಶುರುವಾದದ್ದು 2001ರಲ್ಲಿ, ಅಂದರೆ ಒಕ್ಕೂಟ ಕಟ್ಟಿ ಐದು ವರ್ಷವಾದ ಮೇಲೆ. ನೀವು ಒಂದೇ ಸಭೆಗೆ ಸೋತೆವು ಅಂದುಕೊಳ್ಳುತ್ತಿದ್ದೀರಿ.

ಇನ್ನು ಯಾರನ್ನು ಕರೆಯಬೇಕು ಎಂಬ ಮಾತು. ಮುಂದಿನ ಸಭೆಗೆ ಮುಖ್ಯಸ್ಥರಿಗಿಂತ ಮುಂಚೆ, ನಿಮ್ಮ ಭಾಗದಲ್ಲಿ ಪಿಟ್ ಮತ್ತು ಮೋರಿ ಕೆಲಸ ಮಾಡುವವರನ್ನು ಕರೆಯಿರಿ. ಸನ್ಮಾನಕ್ಕಲ್ಲ. ಶಾಲು ಹೊದಿಸಿ ಕಳಿಸಿಬಿಟ್ಟರೆ ಅದು ಅವರಿಗೆ ಅವಮಾನವೇ. ಕೂತು ಮಾತಾಡಲಿ. ಯಾವ ಆವರಣದಲ್ಲಿ ಏನು ನಡೆಯುತ್ತದೆ, ಲಾರಿ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ, ಈ ಕೆಲಸ ಬಿಟ್ಟರೆ ಹೊಟ್ಟೆಪಾಡಿಗೆ ಏನು ಬೇಕು, ಎಲ್ಲ ಅವರಿಗೆ ಗೊತ್ತು. ಒಕ್ಕೂಟದ ಸಮಿತಿಯಲ್ಲಿ ಅವರಿಗೆ ಜಾಗ ಇರಲಿ, ಅವರ ಮನೆಯ ಹೆಂಗಸರಿಗೂ ಇರಲಿ. ಒಂದು ಸಂಸ್ಥೆ ‘ಇವರ ಜೊತೆ ಕೂರೋಕೆ ನಮ್ಮವರು ಒಪ್ಪಲ್ಲ’ ಅಂದರೆ, ಆ ಸಂಸ್ಥೆ ಎಷ್ಟೇ ದೊಡ್ಡದಿರಲಿ, ಸದ್ಯಕ್ಕೆ ಬಿಟ್ಟು ಮುಂದೆ ಹೋಗಿ. ಇದರಲ್ಲಿ ಮಾತ್ರ ರಾಜಿ ಬೇಡ.

ಶಾಸಕರ ಬಗ್ಗೆ ಕೇಳಿದ್ದೀರಿ. ಈಗ ಬೇಡ. ಅವರು ಬಂದರೆ ಸಭೆ ಅವರದಾಗುತ್ತದೆ, ಎದುರು ಪಕ್ಷದ ಒಲವಿರುವ ಎರಡು ಸಂಸ್ಥೆ ಮುಂದಿನ ಸಲ ಬರುವುದಿಲ್ಲ. ನಿಮ್ಮ ಏಳು ಸಂಸ್ಥೆಗಳೂ ತಮ್ಮ ಪಿಟ್ ಸರಿಮಾಡಿಕೊಂಡ ಮೇಲೆ, ಬೀದಿಯಲ್ಲಿ ಯಾವ್ಯಾವ ಮ್ಯಾನ್‌ಹೋಲ್‌ಗೆ ಜೆಟ್ಟಿಂಗ್ ಮಷಿನ್ (ಜೋರಾಗಿ ನೀರು ಹಾಯಿಸಿ ಕಟ್ಟಿಕೊಂಡದ್ದನ್ನು ಬಿಡಿಸುವ ಯಂತ್ರ) ಬರುತ್ತಿಲ್ಲ ಎಂಬ ಪಟ್ಟಿ ಹಿಡಿದು ಏಳೂ ಜನ ಒಟ್ಟಿಗೆ ಅವರ ಕಚೇರಿಗೇ ಹೋಗಿ. ಜೊತೆಗೆ ಆ ಕೆಲಸ ಮಾಡುವವರೂ ಇರಲಿ, ಮೊದಲು ಅವರೇ ಮಾತಾಡಲಿ. ಅಲ್ಲಿಯವರೆಗೆ ಎಲ್ಲೇ ತೊಂದರೆ ಕಂಡರೂ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಆ ಪಟ್ಟಿಗೆ ಅದು ಬೇಕಾಗುತ್ತದೆ.

— ಸಂಪಾದಕ