ಓದುಗರ ಪ್ರಶ್ನೆ: ತಿನ್ನದ ಕೊಲೆಸ್ಟ್ರಾಲ್ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಮೊಟ್ಟೆ, ಮಾಂಸ ಮುಟ್ಟಿಲ್ಲ. ಅಡುಗೆಗೆ ಕಡಲೆಕಾಯಿ ಎಣ್ಣೆ ಬಳಸುತ್ತೇವೆ. ಡಬ್ಬಿಯ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದಿರುತ್ತದೆ. ಆದರೂ ನನ್ನ ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದೆ ಎಂದು ವೈದ್ಯರು ರಾತ್ರಿ ಮಲಗುವ ಮುನ್ನ ನುಂಗಲು ಸಿಮ್ವಸ್ಟಾಟಿನ್ ಮಾತ್ರೆ ಕೊಟ್ಟಿದ್ದಾರೆ. ಇದು ಹೇಗೆ ಸಾಧ್ಯ? ಮಾತ್ರೆಯನ್ನು ರಾತ್ರಿಯೇ ಏಕೆ ನುಂಗಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ಡಬ್ಬಿಯ ಮೇಲಿನ ಮಾತು ಸುಳ್ಳಲ್ಲ. ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಹಾಲು, ತುಪ್ಪಗಳಲ್ಲಿ ಇರುತ್ತದೆ. ಆದರೆ ನಿಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ಊಟದ ಎಲೆಯಿಂದ ಬಂದದ್ದಲ್ಲ, ನಿಮ್ಮ ದೇಹವೇ ತಯಾರಿಸಿದ್ದು. ಈ ವಿಷಯವನ್ನು ಹಂತಹಂತವಾಗಿ ಬಿಡಿಸಿ ತೋರಿಸುವುದರಲ್ಲಿ ತಮ್ಮ ವೃತ್ತಿಜೀವನದ ಬಹುಭಾಗವನ್ನು ಕಳೆದ ಜೀವರಸಾಯನ ವಿಜ್ಞಾನಿ ಕೊನ್ರಾಡ್ ಬ್ಲಾಕ್.

1912ರಲ್ಲಿ ಅಂದಿನ ಜರ್ಮನಿಯ ನೈಸೆ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಜನಿಸಿದ ಬ್ಲಾಕ್, ಮ್ಯೂನಿಕ್‌ನಲ್ಲಿ ರಸಾಯನಶಾಸ್ತ್ರ ಓದಿದರು. ನಾಜಿ ಆಡಳಿತ ಬಂದ ಮೇಲೆ ದೇಶ ಬಿಡಬೇಕಾಗಿ ಬಂದು, ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಾದ ಕೊಬ್ಬಿನಂಶಗಳ ಮೇಲೆ ಕೆಲಸ ಮಾಡಿ, 1936ರಲ್ಲಿ ಅಮೆರಿಕ ಸೇರಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ರುಡಾಲ್ಫ್ ಶೋನ್‌ಹೈಮರ್ ಅವರ ಪ್ರಯೋಗಾಲಯ ದೊರೆತದ್ದು, ನನ್ನ ದೃಷ್ಟಿಯಲ್ಲಿ, ಅವರ ಬದುಕಿನ ನಿರ್ಣಾಯಕ ತಿರುವು. ಆಹಾರದ ಅಣುವಿಗೆ ಭಾರವಾದ ಹೈಡ್ರೋಜನ್ ಪರಮಾಣುಗಳನ್ನು ಗುರುತಾಗಿ ಸೇರಿಸಿ, ದೇಹದೊಳಗೆ ಅದು ಎಲ್ಲಿಗೆ ಹೋಯಿತೆಂದು ಪತ್ತೆ ಹಚ್ಚುವ ವಿಧಾನ ರೂಪುಗೊಂಡದ್ದು ಅಲ್ಲಿಯೇ.

1941ರಲ್ಲಿ ಶೋನ್‌ಹೈಮರ್ ತೀರಿಕೊಂಡರು. ಮರುವರ್ಷ ಬ್ಲಾಕ್ ಮತ್ತು ಡೇವಿಡ್ ರಿಟನ್‌ಬರ್ಗ್, ಹೀಗೆ ಗುರುತು ಮಾಡಿದ ಅಸಿಟೇಟನ್ನು ಇಲಿಗಳಿಗೆ ತಿನ್ನಿಸಿ, ಆ ಗುರುತು ಕೊಲೆಸ್ಟ್ರಾಲಿನಲ್ಲಿ ಕಾಣಿಸಿಕೊಳ್ಳುವುದನ್ನು ತೋರಿಸಿದರು. ಅಸಿಟೇಟ್ ಎಂದರೆ ವಿನೆಗರಿನ ಹುಳಿಗೆ ಕಾರಣವಾದ ಆಮ್ಲದ ರೂಪ, ಕೇವಲ ಎರಡು ಇಂಗಾಲ ಪರಮಾಣುಗಳ ಪುಟ್ಟ ತುಣುಕು. ಕೊಲೆಸ್ಟ್ರಾಲಿನಲ್ಲಿ ಇರುವುದು 27 ಇಂಗಾಲ, ಅದೂ ನಾಲ್ಕು ಉಂಗುರಗಳಾಗಿ ಹೆಣೆದುಕೊಂಡು. ಈ 27ರಲ್ಲಿ 15 ಅಸಿಟೇಟಿನ ಒಂದು ತುದಿಯ ಇಂಗಾಲ, 12 ಇನ್ನೊಂದು ತುದಿಯದು ಎಂಬ ಲೆಕ್ಕವನ್ನು ಸಿದ್ಧಪಡಿಸಲು, ಅಣುವನ್ನು ಒಂದೊಂದೇ ಪರಮಾಣುವಿನಂತೆ ಕಳಚುತ್ತಾ ಹಲವು ಪ್ರಯೋಗಾಲಯಗಳು ವರ್ಷಗಟ್ಟಲೆ ದುಡಿದವು.

ನಡುವಿನ ಹಂತ ಸ್ಕ್ವಾಲೀನ್ ಇರಬಹುದೆಂಬ ಊಹೆ ಮೊದಲೇ ಇತ್ತು. ಇದು ಶಾರ್ಕ್ ಮೀನಿನ ಯಕೃತ್ತಿನಲ್ಲಿ ಹೇರಳವಾಗಿರುವ, 30 ಇಂಗಾಲಗಳ ಎಣ್ಣೆಯಂಥ ವಸ್ತು. ಅದನ್ನು ಪರೀಕ್ಷಿಸಲು ಬ್ಲಾಕ್ ಬರ್ಮುಡಾ ದ್ವೀಪಕ್ಕೇ ಹೋದರು. ಆದರೆ ಕೈಗೆ ನಿಲುಕುವ ಗಾತ್ರದ ಶಾರ್ಕ್‌ಗಳನ್ನು ಹಿಡಿಯುವುದೇ ಕಷ್ಟವಾಯಿತು. ಹಿಡಿದರೂ ಎಣ್ಣೆ ಜಿನುಗುವ ಆ ಯಕೃತ್ತನ್ನು ತೆಳುವಾಗಿ ಹೆಚ್ಚಲು ಆಗಲಿಲ್ಲ. ಬರಿಗೈಯಲ್ಲಿ ಹಿಂತಿರುಗಿದ ಅವರು ರಾಬರ್ಟ್ ಲ್ಯಾಂಗ್ಡನ್ ಜೊತೆಗೂಡಿ ಮತ್ತೆ ಇಲಿಗಳನ್ನೇ ಆಶ್ರಯಿಸಿ, ಅಸಿಟೇಟ್ ಸ್ಕ್ವಾಲೀನ್ ಆಗುವುದನ್ನೂ ಸ್ಕ್ವಾಲೀನ್ ಕೊಲೆಸ್ಟ್ರಾಲ್ ಆಗುವುದನ್ನೂ ಸಾಬೀತುಪಡಿಸಿದರು. ಸೋತ ಪ್ರಯಾಣದ ನಂತರವೂ ಪ್ರಶ್ನೆಯನ್ನು ಬಿಡದೆ ದಾರಿಯನ್ನು ಮಾತ್ರ ಬದಲಿಸಿದ ಈ ಗುಣಕ್ಕಾಗಿ ನನಗೆ ಅವರ ಮೇಲೆ ಅಪಾರ ಗೌರವ. 1964ರ ವೈದ್ಯಕೀಯ ನೊಬೆಲ್ ಅವರಿಗೂ ಮ್ಯೂನಿಕ್‌ನ ಫಿಯೋಡೋರ್ ಲಿನೆನ್ ಅವರಿಗೂ ಒಟ್ಟಿಗೆ ಸಂದಿತು.

ಈಗ ನಿಮ್ಮ ಮಾತ್ರೆಯ ವಿಚಾರ. ಅಸಿಟೇಟಿನಿಂದ ಕೊಲೆಸ್ಟ್ರಾಲಿಗೆ ಹೋಗುವ ದಾರಿಯ ಆರಂಭದಲ್ಲಿ, ಮೆವಲೊನೇಟ್ ಎಂಬ ವಸ್ತುವನ್ನು ತಯಾರಿಸುವ ಒಂದು ಕಿಣ್ವವಿದೆ. ಇಡೀ ತಯಾರಿಕೆಯ ವೇಗ ಬಹುಮಟ್ಟಿಗೆ ಅದರ ಕೈಯಲ್ಲಿದೆ. ಅದನ್ನು ತಡೆಯುವ ವಸ್ತುವನ್ನು ಹುಡುಕುತ್ತಾ ಜಪಾನಿನ ಅಕಿರ ಎಂಡೊ ಸುಮಾರು 6000 ಸೂಕ್ಷ್ಮಜೀವಿಗಳನ್ನು ಜಾಲಾಡಿ, 1973ರಲ್ಲಿ ನೀಲಿ-ಹಸಿರು ಬೂಷ್ಟೊಂದರಿಂದ ಮೊದಲ ಸ್ಟಾಟಿನ್ ಅನ್ನು ಬೇರ್ಪಡಿಸಿದರು. ನಿಮ್ಮ ಮಾತ್ರೆಯೂ ಅದೇ ಬಳಗದ್ದು. ಯಕೃತ್ತಿನ ಕೊಲೆಸ್ಟ್ರಾಲ್ ತಯಾರಿಕೆ ರಾತ್ರಿಯ ಹೊತ್ತಿನಲ್ಲಿ ಹೆಚ್ಚಾಗಿರುತ್ತದೆ, ಸಿಮ್ವಸ್ಟಾಟಿನ್ ಪ್ರಭಾವವಾದರೋ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ಆದ್ದರಿಂದಲೇ ಅದನ್ನು ರಾತ್ರಿ ಕೊಡುವುದು. ಅಟೊರ್ವಸ್ಟಾಟಿನ್‌ನಂಥ ದೀರ್ಘಕಾಲ ಉಳಿಯುವ ಮಾತ್ರೆಗಳಿಗೆ ಈ ಕಟ್ಟುಪಾಡಿಲ್ಲ. ಬೆಳಗಿನ ಹೊತ್ತೇ ನಿಮಗೆ ಅನುಕೂಲವಾದರೆ ವೈದ್ಯರನ್ನು ಕೇಳಿ, ತಾವಾಗಿಯೇ ನಿಲ್ಲಿಸಬೇಡಿ.