ಪಿರಾನಾ ಅಲ್ಲ ಕಣ್ರೀ, ಪಾಕು

ಪ್ರಶ್ನೆ: ಕೆರೆಯಲ್ಲಿ ಗಾಳಕ್ಕೆ ಚಪ್ಪಟೆ ಮೀನೊಂದು ಬಿತ್ತು. ಹೊಟ್ಟೆ ಕೆಂಪು, ಬಾಯಲ್ಲಿ ಸಾಲು ಹಲ್ಲು. ಪಿರಾನಾ ಅಂತ ಊರೆಲ್ಲ ಗಲಾಟೆ. ಮಕ್ಕಳನ್ನು ನೀರಿಗೆ ಬಿಡಬಹುದಾ? – ತುಮಕೂರಿನ ಓದುಗರು

ಉತ್ತರ: ಕೆರೆ ಕೋಡಿ ಬಿದ್ದರೆ ಸಾಕು, ನನಗೆ ಇದೇ ಪ್ರಶ್ನೆ, ಇದೇ ಥರದ ಫೋಟೋ. ನಿಮ್ಮದು ಪಿರಾನಾ ಅಲ್ಲ, ಕೆಂಪು ಹೊಟ್ಟೆಯ ಪಾಕು. ಮಾರ್ಕೆಟ್‌ನಲ್ಲಿ ರೂಪ್‌ಚಂದ್ ಅಂತ ಮಾರುತ್ತಾರಲ್ಲ, ಅದೇ. ಎರಡೂ ದಕ್ಷಿಣ ಅಮೆರಿಕದ ಮೀನುಗಳು, ಹತ್ತಿರದ ನೆಂಟರೂ ಹೌದು. ಮರಿಯಾಗಿದ್ದಾಗ ಪಾಕುವಿನ ಹೊಟ್ಟೆಯೂ ಪಿರಾನಾದಷ್ಟೇ ಕೆಂಪಗಿರುತ್ತದೆ, ಬೆಳೆದ ಮೇಲೆ ಮೈ ಬೂದುಗಪ್ಪಾಗುತ್ತದೆ. ಹಾಗಾಗಿ ಬಣ್ಣ ನಂಬಬೇಡಿ, ಹಲ್ಲು ನೋಡಿ. ಪಿರಾನಾದ ಹಲ್ಲು ತ್ರಿಕೋನ, ಚೂಪು, ಒಂದೇ ಸಾಲು, ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ಪಾಕುವಿನದು ಚೌಕ, ಮೊಂಡು, ಥೇಟ್ ನಮ್ಮ ದವಡೆ ಹಲ್ಲು, ಮೇಲ್ದವಡೆಯಲ್ಲಿ ಎರಡು ಸಾಲು. ನೀವು ಕಳಿಸಿದ ಫೋಟೋದಲ್ಲೇ ಇದು ಕಾಣುತ್ತದೆ, ಸ್ವಲ್ಪ ದೊಡ್ಡದು ಮಾಡಿ ನೋಡಬಹುದಿತ್ತು.

ಆ ಹಲ್ಲು ಇರುವುದು ಕಾಯಿ, ಬೀಜ ಒಡೆಯಲು. ಅಮೆಜಾನ್‌ನಲ್ಲಿ ನದಿ ಉಕ್ಕಿ ಕಾಡು ಮುಳುಗಿದಾಗ, ಮರದಿಂದ ನೀರಿಗೆ ಬೀಳುವ ಹಣ್ಣು ತಿಂದುಕೊಂಡು ಬದುಕುವ ಮೀನು ಅದು. ಹುಳ, ಸಣ್ಣ ಮೀನು ಸಿಕ್ಕರೂ ಬಿಡುವುದಿಲ್ಲ, ಆದರೆ ಮಕ್ಕಳನ್ನು ಹರಿದು ತಿನ್ನುವುದೆಲ್ಲ ಸುಮ್ನೆ ವಾಟ್ಸ್ಆ್ಯಪ್ ಕಥೆ. 2013ರಲ್ಲಿ ಡೆನ್ಮಾರ್ಕ್–ಸ್ವೀಡನ್ ನಡುವಿನ ಸಮುದ್ರದಲ್ಲಿ ಒಂದು ಪಾಕು ಸಿಕ್ಕಿತ್ತು. ಅಲ್ಲಿನ ತಜ್ಞರೊಬ್ಬರು ‘ಕಾಯಿ ಅಂದುಕೊಂಡು ಕಚ್ಚೀತು, ಗಂಡಸರು ಚಡ್ಡಿ ಭದ್ರವಾಗಿ ಹಾಕಿಕೊಂಡು ಈಜಿ’ ಅಂತ ತಮಾಷೆ ಮಾಡಿದ್ದೇ ತಡ, ಪ್ರಪಂಚದ ಪೇಪರ್‌ಗಳೆಲ್ಲ ಅದನ್ನು ನಿಜವೆಂದೇ ಬರೆದವು. ನಮ್ಮೂರ ಗಾಬರಿಯೂ ಅದೇ ಜಾತಿಯದು. ಮಕ್ಕಳು ಕೆರೆಗೆ ಇಳಿಯುವುದಾದರೆ ನೀವು ಹೆದರಬೇಕಾದದ್ದು ಹೂಳಿಗೆ, ಗುಂಡಿಗೆ. ಗಾಳ ಬಿಡಿಸುವಾಗ ಮಾತ್ರ ಬಾಯಿಗೆ ಬೆರಳು ಹಾಕಬೇಡಿ, ಕಾಯಿ ಒಡೆಯುವ ದವಡೆ ಅದು. ಇಕ್ಕಳ ಇಟ್ಟುಕೊಳ್ಳಿ.

ಕೆರೆಗೆ ಹೇಗೆ ಬಂತು ಅಂತೀರಾ? ಸಾಕುವವರ ಹೊಂಡ ಮಳೆಗೆ ಉಕ್ಕಿದಾಗ ಮರಿಗಳು ಹಳ್ಳ ಹಿಡಿಯುತ್ತವೆ. ಇಲ್ಲವೇ ಅಕ್ವೇರಿಯಂನಲ್ಲಿ ಜಾಗ ಸಾಲದೆ ಯಾರೋ ಪುಣ್ಯಾತ್ಮರು ತಂದು ಸುರಿದಿರುತ್ತಾರೆ. ಮೀನಿಗೆ ಬಿಡುಗಡೆ ಕೊಟ್ಟೆವು ಅಂತ ಅವರಿಗೆ ಸಮಾಧಾನ, ನನಗೆ ಮೈಯೆಲ್ಲ ಉರಿ. ಇದು ನಮ್ಮ ಕೆರೆಗಳ ಮೀನಲ್ಲ, ಆದ್ದರಿಂದ ಸಿಕ್ಕಿದ್ದನ್ನು ವಾಪಸ್ ನೀರಿಗೆ ಬಿಡಬೇಡಿ. ತಿನ್ನಬಹುದು, ವಿಷವಲ್ಲ. ಆದರೆ ಕೊಳಚೆ ಸೇರುವ ಕೆರೆಯದಾದರೆ ಪಾಕು ಅಂತಲ್ಲ, ಯಾವ ಮೀನೂ ಬೇಡ. ಮುಂದಿನ ಸಲ ಫೋಟೋ ಕಳಿಸುವವರು ಮೀನನ್ನು ಪಕ್ಕಕ್ಕೆ ಮಲಗಿಸಿ, ರೆಕ್ಕೆ ಬಿಡಿಸಿ, ಬಾಯಿಯದೊಂದು ಬೇರೆ ತೆಗೆಯಿರಿ. ಕೈ ಚಾಚಿ ಮೀನನ್ನು ಕ್ಯಾಮೆರಾಗೆ ತುರುಕಿದ ಫೋಟೋದಲ್ಲಿ ನನಗೆ ಕಾಣುವುದು ನಿಮ್ಮ ನಗು ಮಾತ್ರ.

ಪ್ರಶ್ನೆ: ಅಂಗಡಿಯವರು ಇದನ್ನೇ ‘ಕೆರೆ ಪಾಂಫ್ರೆಟ್’ ಅಂತ ಕೊಟ್ಟರು. ನಿಜವಾ?

ಉತ್ತರ: ಮೋಸ. ಪಾಂಫ್ರೆಟ್ ಸಮುದ್ರದ್ದು. ಬಿಳಿ ಪಾಂಫ್ರೆಟ್‌ಗೆ ಹೊಟ್ಟೆಯಡಿ ಜೋಡಿ ರೆಕ್ಕೆ ಇರುವುದಿಲ್ಲ, ಪಾಕುವಿಗೆ ಇರುತ್ತದೆ, ಬಾಲದ ಹತ್ತಿರ ಬೆನ್ನ ಮೇಲೆ ಪುಟ್ಟದೊಂದು ಮಾಂಸದ ರೆಕ್ಕೆಯೂ ಇರುತ್ತದೆ. ಬೆಲೆ ಕೊಡುವ ಮುಂಚೆ ತಿರುಗಿಸಿ ನೋಡಿ.

ಪ್ರಶ್ನೆ: ಮೊಸಳೆ ಮೂತಿಯ ಮೀನು ಸಿಕ್ಕಿದೆ.

ಉತ್ತರ: ಅಲಿಗೇಟರ್ ಗಾರ್. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲೂ ಸಿಕ್ಕಿತ್ತು. ಅದರ ಮೊಟ್ಟೆ ವಿಷ, ತಿನ್ನಬೇಡಿ. ಮೀನುಗಾರಿಕೆ ಇಲಾಖೆಗೆ ತಿಳಿಸಿ.

ಪ್ರಶ್ನೆ: ಕಾವೇರಿಯಲ್ಲಿ ಕಿತ್ತಳೆ ರೆಕ್ಕೆಯ, ಗೂನು ಬೆನ್ನಿನ ದೊಡ್ಡ ಮೀನು...

ಉತ್ತರ: ಮಹಸೀರ್, ಅಳಿವಿನ ಅಂಚಿನಲ್ಲಿದೆ. ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಿ, ಹೆಸರು ಆಮೇಲೆ ಕೇಳಿ.

ಪ್ರಶ್ನೆ: ಹಿಡಿದ ಮೀನಿನ ಪಿತ್ತ ಹಸಿಯಾಗಿ ನುಂಗಿದರೆ ಶುಗರ್ ಇಳಿಯುತ್ತದಂತೆ, ನಮ್ಮೂರ ವೈದ್ಯರು ಹೇಳಿದರು.

ಉತ್ತರ: ಅವರು ವೈದ್ಯರಲ್ಲ. ರೋಹು, ಕಾಟ್ಲಾ ಜಾತಿಯ ಮೀನಿನ ಪಿತ್ತ ನುಂಗಿ ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ಗೆ ಹೋದವರಿದ್ದಾರೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಈಗಾಗಲೇ ನುಂಗಿದ್ದರೆ ಆರಾಮಾಗಿದ್ದೇನೆ ಅಂತ ಕೂರಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ, ಮೀನಿನ ಪಿತ್ತ ನುಂಗಿದ್ದು ಅಂತ ಮೊದಲು ಹೇಳಿ.